ವಿಡಿಯೋಗೆ ಮೊದಲು ನಾನು ಬರೆದ ಎಚ್ಚರಿಕೆ

ಅಕ್ಕಾ,

ನಿನಗೆ ತಲುಪುವುದಿಲ್ಲ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ, ಬೇರೆ ಯಾರ ಹತ್ತಿರ ಹೇಳಲಿ? ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿ ಸುಟ್ಟು ನೀನು ತೀರಿಹೋದ ಮೇಲೆ ಉಳಿದವರೆಲ್ಲ ಸೇರಿ ಫೋನಿನಲ್ಲಿ ಒಂದು ಗ್ರೂಪ್ ಮಾಡಿಕೊಂಡಿದ್ದೇವೆ. ನಿನ್ನೆ ಕಟಿಂಗ್ ಮಾಸ್ಟರು, ಬೇರೆಲ್ಲೋ ಬೆಂಕಿ ಬಿದ್ದ ಫ್ಯಾಕ್ಟರಿಯ ವಿಡಿಯೋ ಹಾಕುತ್ತೇನೆ ಎಂದರು.

"ಮೊದ್ಲು ಒಂದು ಎಚ್ಚರಿಕೆ ಹಾಕಿ ಮಾಸ್ಟ್ರೇ, ನಾನು ಫೋನ್ ಮಗುಚಿಡ್ತೀನಿ," ಎಂದರು ಅತ್ತಿಗೆ. ನಿನ್ನ ಪಕ್ಕದ ಮಿಷನ್ನಿನಿಂದ ಬದುಕಿ ಬಂದವರಲ್ಲವೇ.

"ಎಚ್ಚರಿಕೆ ಹಾಕೋಕೆ ಇದೇನು ಇಲಿ ಪಾಷಾಣನಾ? ಬೇಡಾದೋರು ನೋಡ್ಬೇಡಿ!"

ಇಡೀ ದಿನ ಅದೇ ಜಗಳ. ನಾನು ಅತ್ತಿಗೆಯ ಪರ ನಿಂತೆ. ಕೊನೆಗೆ ಮಾಸ್ಟರು, "ಆಯ್ತು ತಾಯಿ, ನೀನೇ ಬರ್ದು ಹಾಕು," ಎಂದು ವಿಡಿಯೋವನ್ನು ನನಗೇ ಕಳಿಸಿದರು.

ತೆರೆಯಲು ಧೈರ್ಯ ಬರಲಿಲ್ಲ. ಎಚ್ಚರಿಕೆಯಲ್ಲಿ ಏನಾದರೂ ಬಿಟ್ಟುಹೋದೀತು ಎಂಬ ದಿಗಿಲು ಬೇರೆ. ನೋಡದೆಯೇ ಬರೆದು ವಿಡಿಯೋ ಜೊತೆ ಗ್ರೂಪಿಗೆ ಹಾಕಿದೆ: ಇದರಲ್ಲಿ ಹೊಗೆ ಇದೆ, ಹೊರಗಿನಿಂದ ಬೀಗ ಹಾಕಿದ ಬಾಗಿಲಿದೆ, ಒಳಗಿನಿಂದ ಬಡಿಯುವ ಸದ್ದಿದೆ, ಆಮೇಲೆ ಸದ್ದು ನಿಲ್ಲುತ್ತದೆ, ತಡೆಯಲಾಗದವರು ನೋಡಬೇಡಿ.

"ವಿಡಿಯೋ ನೋಡ್ಲಿಲ್ಲ ಕಣೇ. ನೀನು ಬರ್ದಿದ್ದನ್ನ ಓದ್ದೆ," ಎಂದು ಹಾಕಿ ಅತ್ತಿಗೆ ಗ್ರೂಪ್ ಬಿಟ್ಟರು. ಅವರ ಮನೆಗೆ ಓಡಿದರೆ ಮಗಳು ಹೊಸ್ತಿಲಲ್ಲೇ ತಡೆದಳು. "ಬೆಂಕಿ ಬಿದ್ದಾಗಿನ ಹಾಗೆ ಅಮ್ಮ ಮತ್ತೆ ಮಾತು ಬಿಟ್ಟಿದಾಳೆ. ನೀವು ಬರ್ಬೇಡಿ ಅತ್ತೆ."

ಮನೆಗೆ ಬಂದು ವಿಡಿಯೋ ನೋಡಿದೆ. ದೂರದ ರಸ್ತೆಯಿಂದ ತೆಗೆದದ್ದು, ಬರೀ ಹೊಗೆ. ಬಾಗಿಲೇ ಕಾಣುವುದಿಲ್ಲ, ಸದ್ದೂ ಇಲ್ಲ. ನಾನು ಬರೆದದ್ದು ನಿನ್ನ ಬಾಗಿಲು, ಅಕ್ಕಾ.