ಯಾರೂ ಇರದ ಮನೆಯ ಚಿತ್ರ

ಕೃಷ್ಣರಾಜಪುರ,
೧೮ ನವೆಂಬರ್ ೨೦೨೫

ಪ್ರೀತಿಯ ಹಂಸಕ್ಕ,

ನಿನ್ನ ಮಂಡಿನೋವು ಹೇಗಿದೆ? ಮೈಸೂರಿನಲ್ಲಿ ಚಳಿ ಶುರುವಾಗಿರಬೇಕು, ತಣ್ಣೀರು ಮುಟ್ಟಬೇಡ. ಅಪ್ಪ ಚೆನ್ನಾಗಿದ್ದಾರೆ, ಬೆಳಿಗ್ಗೆ ಎದ್ದು ಬಾಡಿಗೆಯವರ ಮೇಲೆ ಒಂದಿಷ್ಟು ರೇಗಿದರೇನೇ ಅವರಿಗೆ ಕಾಫಿ ಇಳಿಯುವುದು. ಇವತ್ತು ನನ್ನ ಸ್ಥಿತಿಯೂ ಅದೇ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಶನಿವಾರ ಬೆಂಗಳೂರಿನ ಕೆಲವು ಶಾಲೆಗಳ ಶಿಕ್ಷಕರ ಸಭೆಯಿತ್ತು. ತರಗತಿಯಲ್ಲಿ ಹೊಸದಾಗಿ ಮಾಡಿದ್ದನ್ನು ಹಂಚಿಕೊಳ್ಳಿ ಅಂದರು. ನೀನು ಕಲಿಸಿದ್ದನ್ನೇ ಹೇಳಿದೆ: ಚಿತ್ರ ತೋರಿಸಬೇಕು, ಏನು ಕಾಣುತ್ತಿದೆ ಎಂದು ಕೇಳಬೇಕು, ‘ಏನು ನೋಡಿ ಹಾಗಂತೀಯ?’ ಎಂದು ಮತ್ತೆ ಕೇಳಬೇಕು, ಆಮೇಲೆ ನಾವು ಬಾಯಿ ಮುಚ್ಚಿಕೊಂಡು ಕೂರಬೇಕು. ಉದಾಹರಣೆಗೆ ನನ್ನ ನಾಲ್ಕನೇ ತರಗತಿಯ ಸೌಂದರ್ಯಾಳ ಮಾತು ಹೇಳಿದೆ. ಯಾದಗಿರಿ ಕಡೆಯ ಹುಡುಗಿ, ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ. ಈ ಸಲದ ಮೌಖಿಕ ಪರೀಕ್ಷೆಯ ಚಿತ್ರ ನಿನಗೆ ಗೊತ್ತಲ್ಲ, ಕೆಂಪು ಹೆಂಚಿನ ಮನೆ, ಸುತ್ತ ಹೂವಿನ ಗಿಡ. ಇಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಅವಳು, ‘ಯಾರೂ ಇರಂಗಿಲ್ರೀ ಟೀಚರ್. ನೀರಿನ ಡ್ರಮ್ಮಿಲ್ಲ, ಚಪ್ಪಲಿ ಇಲ್ಲ, ಒಂದರ ಬಟ್ಟಿ ಒಣಹಾಕಿಲ್ಲ’ ಅಂದಳು. ಎಷ್ಟು ಚೆನ್ನಾಗಿ ನೋಡಿದ್ದಾಳೆ ಮಗು!

ಸಭೆ ಗೊಳ್ಳೆಂದು ನಕ್ಕಿತು. ಶಿವಾಜಿನಗರದ ಸುರಯ್ಯಾ ಮೇಡಂ ಒಬ್ಬರೇ ನಗದೆ, ಮುಂದಿನ ವಾರವೇ ನನ್ನ ತರಗತಿಯ ಮಕ್ಕಳನ್ನೂ ಹೀಗೆ ಕೇಳುತ್ತೇನೆ ಎಂದರು. ನಮ್ಮ ಹೆಡ್‌ಮಾಸ್ಟರ್ ಭೀಮೇಶ್ ಸರ್, ‘ಮಾದರಿ ಉತ್ತರದಲ್ಲಿ ಸುಖೀ ಕುಟುಂಬ ಅಂತಿದೆ, ಇದಕ್ಕೆಲ್ಲ ಮಾರ್ಕ್ಸ್ ಕೊಡಕ್ಕಾಗಲ್ಲ ಮೇಡಂ’ ಎಂದರು; ಶಾಲೆಗೆ ಬಂದು ಸೊನ್ನೆ ಹಾಕಿ, ಅವಳನ್ನು ನಿಧಾನ ಕಲಿಕೆಯ ಗುಂಪಿಗೆ ತಳ್ಳಿದರು. ನಿನ್ನೆ ಅವಳಪ್ಪ ಅಮರಪ್ಪನನ್ನು ಕರೆಸಿ ಅದನ್ನೇ ಹೇಳಿದರು. ಅವನು ತಲೆ ತಗ್ಗಿಸಿಕೊಂಡು, ‘ಓದು ತಲಿಗಿ ಹತ್ತಂಗಿಲ್ಲ ಅಂದ್ರ ಮನ್ಯಾಗ ಕೂಸು ನೋಡ್ಕೊಂಡಿರ್ಲಿ ಬಿಡ್ರೀ’ ಅಂದುಬಿಟ್ಟ. ಬರುವ ಸೋಮವಾರದಿಂದ ಶಾಲೆಗೆ ಕಳಿಸುವುದಿಲ್ಲವಂತೆ. ನಾನು ಎಷ್ಟು ಬೇಡಿಕೊಂಡರೂ, ದೊಡ್ಡ ಸರ್ ಹೇಳಿದ ಮೇಲೆ ಮುಗಿಯಿತು ಎನ್ನುತ್ತಾನೆ. ಅವನನ್ನು ಬೈದು ಏನು ಪ್ರಯೋಜನ?

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಚಿಕ್ಕಮ್ಮನ ಮುದ್ದು.

ಸಿಟ್ಟು ಇಳಿಯದ ನಿನ್ನ ತಂಗಿ,
ಕಾವೇರಿ

ತಾ.ಕ.: ಪರೀಕ್ಷಾ ಸಮಿತಿಯಲ್ಲಿ ಕೂತು ಆ ಪ್ರಶ್ನೆಯನ್ನೂ ಮಾದರಿ ಉತ್ತರವನ್ನೂ ಬರೆದವಳು ನೀನು, ಹಂಸಕ್ಕ. ಸಭೆಯಲ್ಲಿ ಅಕ್ಕನ ಮಾನ ಉಳಿಸೋಣವೆಂದು ಸುಮ್ಮನಿದ್ದೆ. ಸೋಮವಾರದೊಳಗೆ ಭೀಮೇಶ್ ಸರ್‌ಗೆ ಫೋನ್ ಮಾಡಿ, ಮಗು ಹೇಳಿದ್ದು ಸರಿ, ತಪ್ಪು ನನ್ನದು ಎಂದು ಹೇಳು. ನೀನು ಹೇಳದಿದ್ದರೆ ಎಲ್ಲರ ಮುಂದೆ ನಾನು ಹೇಳುತ್ತೇನೆ.