ಒಂದೂವರೆ ಗಂಟೆ ಮುಂದಿರುವ ಗಡಿಯಾರ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 9.40

ಜುಟ್ಟಮ್ಮನ ಕೈಗಡಿಯಾರ ಒಂದೂವರೆ ಗಂಟೆ ಮುಂದಿದೆ. ಲಿಫ್ಟ್‌ನಲ್ಲಿ ಕಣ್ಣಿಗೆ ಬಿತ್ತು. ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವಳು, ನೆತ್ತಿಯ ಮೇಲೆ ಜುಟ್ಟು. ಹೆಸರು ನಾನೇ ಇಟ್ಟದ್ದು, ಮನಸ್ಸಿನಲ್ಲಿ. ಗಡಿಯಾರ ಕೆಟ್ಟಿರಬೇಕೆಂದು ಹೇಳಿದೆ.

"ಕೆಟ್ಟಿಲ್ಲ ಕಣೆ. ಅವರಿಗೆ ಫೋನ್ ಮಾಡುವಾಗೆಲ್ಲ ಲೆಕ್ಕ ಹಾಕೋದು ತಲೆನೋವು. ಗಡಿಯಾರವನ್ನೇ ಅವರೂರಿಗೆ ಕಳಿಸಿಬಿಟ್ಟೆ!"

ಅವರು ಎಂದರೆ ನಕ್ಷೆಯವರು. ಎರಡು ವರ್ಷ ನನ್ನೆದುರು ಕೂತು ನಮ್ಮ ವೆಬ್‌ಸೈಟಿಗೆ ನಕ್ಷೆ ಬರೆದವರು. ಜನವರಿಯಲ್ಲಿ ಹೊರದೇಶದ ನಮ್ಮ ಆಫೀಸಿಗೆ ಹೋದರು; ಆ ಊರಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ. ಅವರ ನಂಬರ್ ನನ್ನ ಫೋನಿನಲ್ಲೂ ಇದೆ. ಒಮ್ಮೆಯೂ ಒತ್ತಿಲ್ಲ.

ನಕ್ಕೆ. ಹೊಟ್ಟೆಯೊಳಗೆ ಕಿಚ್ಚು.

ಮಾರ್ಚ್ 5

ವೆಬ್‌ಸೈಟಿನ ಒಂದೊಂದು ಪುಟಕ್ಕೂ ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ, ಹಾರಾಟದ ಸಮಯ, ಜೊತೆಗೆ ಊರಿನ ಬಗ್ಗೆ ನಾಲ್ಕು ಸಾಲು. ಸಾಹಿತ್ಯದಲ್ಲಿ ಎಂ.ಎ. ಮಾಡಿ ಬರೆಯುತ್ತಿರುವುದು ಇದನ್ನು. ಜುಟ್ಟಮ್ಮ ದಿನಕ್ಕೆ ನಲವತ್ತು ಪುಟ, ನಾನು ಹದಿನೈದು. ಒಮ್ಮೆ ನನ್ನ ಪುಟ ಓದಿ ನಕ್ಷೆಯವರು, "ನೀವು ಬರೆದ್ರೆ ದೂರ ದೂರ ಅನ್ಸಲ್ಲರೀ" ಎಂದಿದ್ದರು. ಅದನ್ನೇ ಇನ್ನೂ... ಛೆ.

ಮೇಡಂ ನೋಟಿಸ್ ಹಾಕಿದರು. ನಕ್ಷೆಯವರಿರುವ ಆ ಊರಿನ ಆಫೀಸಿಗೆ ಇಲ್ಲಿಂದ ಒಬ್ಬರು ಬೇಕು. ಶುಕ್ರವಾರ ಸಂಜೆಯೊಳಗೆ ನೋಟಿಸಿನ ಕೆಳಗೆ ಹೆಸರು ಬರೆಯಬೇಕು. ಈ ವಾರದ ಪುಟಗಳಲ್ಲಿ ತಪ್ಪು ಸಿಕ್ಕವರು ಲೆಕ್ಕಕ್ಕಿಲ್ಲ. ಜುಟ್ಟಮ್ಮ ಓಡಿಹೋಗಿ ಬರೆದಳು. ನಾನು ಪೆನ್ನಿನ ಕ್ಯಾಪ್ ತೆಗೆದೆ, ಹಾಕಿದೆ.

ಮನೆಯಲ್ಲಿ ಇದನ್ನು ಹೇಳಿದ್ದಕ್ಕೆ ಅಮ್ಮ: "ನೀನು ಬಾಯಿ ಬಿಡೋ ಹೊತ್ತಿಗೆ ಆ ಊರೇ ಎತ್ತಂಗಡಿ ಆಗಿರುತ್ತೆ ಬಿಡು."

ಮಾರ್ಚ್ 7. ಮಧ್ಯಾಹ್ನ

ಜುಟ್ಟಮ್ಮನ ಪುಟಗಳ ತಪಾಸಣೆ ನನ್ನ ಪಾಲಿಗೆ ಬಂತು. ಆ ಊರಿಗೆ ಹೋಗಲು ನಾಲ್ಕು ಗಂಟೆ ಹತ್ತು ನಿಮಿಷ, ಬರಲು ಒಂದು ಗಂಟೆ ಹತ್ತು ನಿಮಿಷ! ಇಳಿಯುವ ಹೊತ್ತಿನಿಂದ ಹೊರಡುವ ಹೊತ್ತು ಕಳೆದಿದ್ದಾಳೆ, ಅಷ್ಟೇ. ಎರಡು ಊರಿನ ಗಡಿಯಾರ ಬೇರೆ ಎಂಬುದನ್ನೇ ಮರೆತಿದ್ದಾಳೆ — ಕೈಗೆ ಕಟ್ಟಿಕೊಂಡೂ! ಹೋಗಲಿಕ್ಕೂ ಬರಲಿಕ್ಕೂ ಎರಡು ಗಂಟೆ ನಲವತ್ತು ನಿಮಿಷವೇ. ಇಂಥವು ಹನ್ನೊಂದು ಪುಟ.

ಕೆಂಪು ಗುರುತು ಹಾಕಿ ಮೇಡಂಗೆ ಕಳಿಸಿದರೆ ಅವಳು ಇಲ್ಲೇ ಉಳಿಯುತ್ತಾಳೆ. ನನ್ನ ಕೆಲಸವೂ ಅದೇ. ಎಷ್ಟು ಖುಷಿಯಾಯಿತೆಂದರೆ, ಹೆದರಿಕೆಯಾಯಿತು.

"ಏನೇ, ಒಬ್ಬಳೇ ನಗ್ತಿದೀಯ?" ಎಂದಳು, ತನ್ನ ಡಬ್ಬಿಯ ಅರ್ಧ ಊಟವನ್ನು ನನ್ನ ಮುಚ್ಚಳಕ್ಕೆ ಹಾಕುತ್ತಾ.

"ಏನಿಲ್ಲ."

ಪರದೆಯನ್ನು ಅವಳಿಗೆ ಕಾಣದಂತೆ ತಿರುಗಿಸಿದೆ.

ಮಾರ್ಚ್ 8, ಶುಕ್ರವಾರ. ಬೆಳಿಗ್ಗೆ 7

ಕೆಂಪು ಹಾಕುವುದಿಲ್ಲ. ಬೇಗ ಹೋಗಿ, ಪಕ್ಕದಲ್ಲಿ ಕೂರಿಸಿಕೊಂಡು, ಹನ್ನೊಂದನ್ನೂ ಅವಳ ಕೈಯಲ್ಲೇ ತಿದ್ದಿಸುತ್ತೇನೆ. ದೊಡ್ಡ ಮನಸ್ಸೇನಲ್ಲ. ಗಡಿಯಾರದ ಲೆಕ್ಕದಲ್ಲಿ ಅವಳು ಸೋತರೆ ನನಗೇನು ಬಂತು? ನನ್ನೆದುರು ಸೋಲಬೇಕು. ಆಮೇಲೆ ನೋಟಿಸ್ ಬೋರ್ಡಿನ ಹತ್ತಿರ ಹೋಗಿ, ಅವಳ ಹೆಸರಿನ ಕೆಳಗೆ, ಪೆನ್ನಿನ ಕ್ಯಾಪ್ ತೆಗೆದು—