ಪುರವರದ ಮೊದಲ ಲಗ್ನಪತ್ರಿಕೆ

ಅಪ್ಪಾಜಿ,

ಲೋಹಿತಾಳ ಮದುವೆ ನಿಶ್ಚಯವಾಗಿದೆ. ನಿಮ್ಮ ಮೊಮ್ಮಗಳ ಮೊದಲ ಲಗ್ನಪತ್ರಿಕೆಯನ್ನು ಮೂಲ ಊರಿನ ದೇವರ ಮುಂದಿಡಬೇಕಲ್ಲ ಎಂದು ನಿನ್ನೆ ಪುರವರಕ್ಕೆ ಹೋಗಿದ್ದೆ. ಹುಟ್ಟಿದಾಗಿನಿಂದ ನನ್ನ ಹೆಸರಿನ ಮುಂದಿರುವ ಊರನ್ನು ನೋಡಿದ್ದು ಅದೇ ಮೊದಲು.

ಪೂಜಾರಪ್ಪ ಪತ್ರಿಕೆಯಲ್ಲಿ ‘ಪುರವರದ ನಂದೀಶ್ವರಯ್ಯ’ ಎಂಬ ನಿಮ್ಮ ಹೆಸರನ್ನು ಎರಡು ಸಲ ಓದಿದರು. “ಈ ಹೆಸರಿನ ಮನೆ ಇಲ್ಲಿರ್ಲಿಲ್ವಲ್ಲ ಸ್ವಾಮಿ.” ತುಮಕೂರಿಗೆ ಬರುವ ಮೊದಲು ಶಿರಾದಲ್ಲಿದ್ದವರು ಎಂದೆ. “ಶಿರಾಕ್ಕೆ ಹೋದೋರು ಅಂದ್ರೆ ಹಾಸಿಗೆ ಅಂಗಡಿ ಕರೀಮ್ ಸಾಬ್ರು ಒಬ್ರೇ ಕಣಪ್ಪ.”

ತಲೆ ಕೆಟ್ಟಿತು. ತುಮಕೂರಿಗೆ ಹಿಂದಿರುಗದೆ ನೇರ ಶಿರಾದ ಆ ಅಂಗಡಿಗೇ ಹೋದೆ. ಕರೀಮ್ ಸಾಬರ ಮಗ ಹಫೀಜ್ ನಿಮ್ಮ ಹೆಸರು ಕೇಳಿ ಕುರ್ಚಿ ಎಳೆದು ಕೂರಿಸಿದರು.

“ಪುರವರದೋರು ನಾವು. ನಿಮ್ಮ ತಂದೆ ಆಂಧ್ರದ ಗಡೀಲಿರೋ ವೈ.ಎನ್.ಹೊಸಕೋಟೆ ಕಡೆಯೋರು. ಚಿಕ್ಕ ವಯಸ್ಸಲ್ಲೇ ನಮ್ಮ ಅಬ್ಬಾ ಹತ್ರ ಕೆಲಸಕ್ಕೆ ಬಂದ್ರು. ಪುರವರದೋರ ಅಂಗಡಿ ನಂದೀಶ, ಪುರವರದ ನಂದೀಶ ಅಂತ ಜನ ಕರೆದು ಕರೆದು ಅದೇ ನಿಂತ್ಬುಡ್ತು. ಮನೇಲಿ ಹೇಳಿರ್ಲಿಲ್ವಾ?”

ಯಾಕೆ ಹೇಳಲಿಲ್ಲ ಅಪ್ಪಾಜಿ? ಊರಿಗೆ ಕರೆದುಕೊಂಡು ಹೋಗಿ ಎಂದಾಗಲೆಲ್ಲ ‘ಬರೋ ವರ್ಷ’ ಎನ್ನುತ್ತಿದ್ದಿರಿ. ಯಾವ ಊರಿಗೆ? ಪತ್ರಿಕೆಗಳೆಲ್ಲ ಅಚ್ಚಾಗಿಬಿಟ್ಟಿವೆ. ಮೊದಲನೆಯದನ್ನು ಯಾವ ದೇವರ ಮುಂದಿಡಲಿ ಎಂದು ತಿಳಿಯದೆ ಚೀಲದಲ್ಲೇ ಇಟ್ಟುಕೊಂಡಿದ್ದೇನೆ.

ಕೊನೆಯ ದಿನಗಳಲ್ಲಿ ನೀವು ತೆಲುಗಿನಲ್ಲಿ ಯಾರನ್ನೋ ಕರೆಯುತ್ತಿದ್ದಿರಿ. ನಾವು ಜ್ವರ ನೆತ್ತಿಗೇರಿದೆ ಎಂದುಕೊಂಡು ಹಣೆಗೆ ಒದ್ದೆ ಬಟ್ಟೆ ಹಾಕಿದೆವು.